ಬೇಜಾರಿಗೊಂದು ಅಳತೆಗೋಲು

ಕೋಲಾರದ ಕಡೆಯ ಹುಡುಗನೊಬ್ಬ "ಯಾಕೋ ಬೇಜಾರು ಸಾರ್" ಎಂದರೆ ಆ ಮಾತಿಗೆ ಎಷ್ಟು ಅರ್ಥ! ಪಾಠ ಹಿಡಿಸಲಿಲ್ಲವೆಂದಾಗಬಹುದು, ಗೆಳೆಯ ಮಾತು ಬಿಟ್ಟನೆಂದಾಗಬಹುದು. ಹದಿನೈದು ದಿನದಿಂದ ನಿದ್ರೆಯಿಲ್ಲ, ಅನ್ನ ಸೇರದು, ಬದುಕೇ ಬೇಡವೆನಿಸಿದೆ ಎಂದೂ ಆಗಬಹುದು. ವೈದ್ಯರು ಖಿನ್ನತೆಯೆಂದು ಶಂಕಿಸುವುದು ಈ ಕೊನೆಯದನ್ನು. ಒಂದೇ ಪದದಲ್ಲಿ ಅಡಗಿರುವ ಇವುಗಳನ್ನು ಬೇರ್ಪಡಿಸಲು ಮನುಷ್ಯ ಪಟ್ಟ ಪಾಡು ಬಹಳ ಹಳೆಯದೇನಲ್ಲ.

1961ರಲ್ಲಿ ಅಮೆರಿಕದ ಆರನ್ ಬೆಕ್ 21 ಅಂಶಗಳ ಪ್ರಶ್ನಾವಳಿಯೊಂದನ್ನು ಪ್ರಕಟಿಸಿದರು. 2001ರ ವೇಳೆಗೆ ಒಂಬತ್ತೇ ಪ್ರಶ್ನೆಗಳ ಇನ್ನೊಂದು ಬಂತು. ಕಳೆದ ಎರಡು ವಾರಗಳಲ್ಲಿ ನಿದ್ರೆ, ಹಸಿವು, ಉತ್ಸಾಹ, ಏಕಾಗ್ರತೆ ಹೇಗಿದ್ದವೆಂದು ಅದು ಕೇಳುತ್ತದೆ. ಪ್ರತಿಯೊಂದಕ್ಕೂ ಸೊನ್ನೆಯಿಂದ ಮೂರರವರೆಗೆ ಅಂಕ. ಮೊತ್ತ ಹತ್ತು ಮುಟ್ಟಿದರೆ ರೋಗವೆಂದು ತೀರ್ಪಾಗುವುದಿಲ್ಲ. ಬಲ್ಲವರು ಕೂತು ಮಾತನಾಡಿಸಬೇಕೆಂದಷ್ಟೇ ಅರ್ಥ. ಶಾಲೆಯ ಅಂಕಗಳಿಗೆ ಒಗ್ಗಿದ ನಮ್ಮ ಜನಕ್ಕೆ ಈ ಭೇದವನ್ನು ತಿಳಿಹೇಳುವುದೇ ಕಷ್ಟ.

ಈ ಚರಿತ್ರೆಯಲ್ಲಿ ಕೋಲಾರಕ್ಕೂ ಒಂದು ಸ್ಥಾನವಿದೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಗೆ ಹೊರಟಾಗ, 2015ರಲ್ಲಿ ಅದರ ಪೂರ್ವಪ್ರಯೋಗ ನಡೆದದ್ದು ಕೋಲಾರ ಜಿಲ್ಲೆಯಲ್ಲಿ. ಆ ಬಳಿಕ 12 ರಾಜ್ಯಗಳಲ್ಲಿ ಸಮೀಕ್ಷೆಯಾಯಿತು. ವಿಚಿತ್ರವೆಂದರೆ ಆ ಹನ್ನೆರಡರಲ್ಲಿ ಕರ್ನಾಟಕವಿರಲಿಲ್ಲ! 13ರಿಂದ 17 ವರ್ಷದವರಲ್ಲಿ ಶೇಕಡ 7.3 ಮಂದಿಗೆ ಒಂದಲ್ಲ ಒಂದು ಮಾನಸಿಕ ತೊಂದರೆಯಿದೆಯೆಂದು ಅದು ಕಂಡಿತು.

ಪ್ರಶ್ನೆಯನ್ನು ಯಾವ ಭಾಷೆಯಲ್ಲಿ ಕೇಳಬೇಕು? ಶ್ರೀನಿವಾಸಪುರ, ಮುಳಬಾಗಿಲುಗಳ ಎಷ್ಟೋ ಮನೆಗಳಲ್ಲಿ ಆಡುವುದು ತೆಲುಗು. ಮಾಲೂರಿನ ಕಡೆ ತಮಿಳೂ ಉಂಟು. ಪೇಟೆ ಬೀದಿಗಳಲ್ಲಿ ಉರ್ದು. ಮಾಲೂರು ತಾಲ್ಲೂಕಿನ ಮಾಸ್ತಿಯವರ ಮನೆಮಾತು ತಮಿಳು, ಬರೆದದ್ದು ಕನ್ನಡ. ಆದರೆ ಅಂಥ ಸಿದ್ಧಿ ಹದಿನಾಲ್ಕರ ಬಾಲೆಗೆ ಎಲ್ಲಿಂದ ಬರಬೇಕು? "ಖಿನ್ನಳಾಗಿರುವೆಯಾ?" ಎಂದರೆ ಅವಳು ಇಲ್ಲವೆಂದು ಗುರುತು ಹಾಕಿಯಾಳು. "ಮನಸು ಬಾಗಲೇದು" ಎಂದು ಅವಳೇ ಅವ್ವನ ಬಳಿ ಹೇಳಿಕೊಂಡಿರುವುದು ಆ ಕಾಗದಕ್ಕೆ ಕೇಳಿಸುವುದಿಲ್ಲ. ಪಕ್ಕದ ಬೆಂಚಿನ ಗೆಳತಿ ಇಣುಕುತ್ತಿದ್ದರಂತೂ ನಿಜವಾದ ಉತ್ತರ ದೊರೆಯದು.

ಉತ್ತರ ದೊರೆತ ಮೇಲಿನದು ಇನ್ನೂ ದೊಡ್ಡ ಪ್ರಶ್ನೆ. 12ರಿಂದ 18ರವರನ್ನೆಲ್ಲ ಹೀಗೆ ವಿಚಾರಿಸಬಹುದೆಂದು 2009ರಲ್ಲಿ ಅಮೆರಿಕದ ತಜ್ಞ ಮಂಡಳಿ ಸಲಹೆ ಕೊಟ್ಟಾಗ ಒಂದು ಕರಾರನ್ನೂ ಹಾಕಿತ್ತು: ಸರಿಯಾದ ನಿದಾನ, ಚಿಕಿತ್ಸೆ, ಮುಂದಿನ ನಿಗಾ ಇವುಗಳಿಗೆ ಏರ್ಪಾಡಿರಬೇಕು. ನಮ್ಮಲ್ಲಿ ಕರಾರನ್ನು ಮರೆತು ಕಾಗದ ಹಂಚುವ ಉತ್ಸಾಹವೇ ಹೆಚ್ಚೆಂದು ನನ್ನ ಅಂಜಿಕೆ. ಒಂಬತ್ತನೆಯ ಪ್ರಶ್ನೆ ಸಾವಿನ ಯೋಚನೆಯನ್ನು ಕುರಿತದ್ದು. ಅದಕ್ಕೆ ಹೌದೆಂದ ಮಗುವಿನ ಕಾಗದ ಕಟ್ಟಿನೊಳಗೆ ಸೇರಿ ಜಿಲ್ಲಾ ಕಚೇರಿಗೆ ಹೋಗಿ ಎಣಿಕೆಯಾಗುವವರೆಗೆ ಕಾಯುವಂತಿಲ್ಲ. ಉಪಾಧ್ಯಾಯರು ಅದೇ ದಿನ, ಮಗು ಮನೆಯ ಬಸ್ಸು ಹತ್ತುವ ಮುನ್ನ, ಅದರೊಡನೆ ಕೂರಬೇಕು. ವೈದ್ಯರು ದೂರವಿದ್ದರೂ 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ-ಮಾನಸ್‌ನ 14416 ಸಂಖ್ಯೆಗೆ ಹಗಲಿರುಳೂ ಕರೆಮಾಡಬಹುದು; ಅಲ್ಲಿ ಕನ್ನಡವೂ ನಡೆಯುತ್ತದೆ, ತೆಲುಗೂ ನಡೆಯುತ್ತದೆ.