ಲಾವಾ ಕೊಳವೆ ಗುಹೆಗಳು: ರಚನೆಯಾಗುವ ವಿಧಾನ ಹಾಗೂ ಕಂಡುಬರುವ ಸ್ಥಳಗಳು

(ಸಾರ್ವಜನಿಕರ ಮಾಹಿತಿಗಾಗಿ)

1. ಪೀಠಿಕೆ

ಭೂಮಿಯ ಒಳಗಿನ ಕರಗಿದ ಶಿಲಾಪಾಕವು ಜ್ವಾಲಾಮುಖಿಯ ಮೂಲಕ ಹೊರಬಂದಾಗ ಅದನ್ನು ಲಾವಾ ಎಂದು ಕರೆಯಲಾಗುತ್ತದೆ. ಹರಿಯುತ್ತಿರುವ ಲಾವಾದ ಹೊರಭಾಗವು ಗಟ್ಟಿಯಾಗಿ, ಒಳಗಿನ ದ್ರವವು ಮುಂದಕ್ಕೆ ಹರಿದುಹೋದ ನಂತರ ಉಳಿಯುವ ಟೊಳ್ಳು ಮಾರ್ಗಕ್ಕೆ ಲಾವಾ ಕೊಳವೆ ಗುಹೆ ಎಂದು ಹೆಸರು.

ಸಾಮಾನ್ಯವಾಗಿ ಕಂಡುಬರುವ ಗುಹೆಗಳನ್ನು ಈ ಕೆಳಕಂಡಂತೆ ವಿಂಗಡಿಸಬಹುದಾಗಿದೆ.

ಅ) ನೀರಿನಿಂದ ಆದ ಗುಹೆಗಳು: ಸುಣ್ಣಶಿಲೆಯನ್ನು ನೀರು ಸಾವಿರಾರು ವರ್ಷಗಳ ಕಾಲ ನಿಧಾನವಾಗಿ ಕರಗಿಸುವುದರಿಂದ ಉಂಟಾಗುತ್ತವೆ. ಉದಾಹರಣೆ: ಆಂಧ್ರಪ್ರದೇಶದ ಬೇಲಂ ಗುಹೆಗಳು.
ಆ) ಮನುಷ್ಯರು ಕೊರೆದ ಗುಹೆಗಳು: ಉದಾಹರಣೆ: ಮರಳುಶಿಲೆಯಲ್ಲಿರುವ ಬಾದಾಮಿಯ ಗುಹಾಲಯಗಳು, ಬಸಾಲ್ಟ್ ಶಿಲೆಯಲ್ಲಿರುವ ಅಜಂತಾ ಹಾಗೂ ಎಲ್ಲೋರ.
ಇ) ಲಾವಾ ಕೊಳವೆ ಗುಹೆಗಳು: ಇವು ಶಿಲೆಯೊಂದಿಗೇ ಹುಟ್ಟುತ್ತವೆ. ಆದುದರಿಂದ ಗುಹೆಯ ವಯಸ್ಸು ಮತ್ತು ಅದರ ಸುತ್ತಲಿನ ಲಾವಾ ಶಿಲೆಯ ವಯಸ್ಸು ಬಹುಮಟ್ಟಿಗೆ ಒಂದೇ ಆಗಿರುತ್ತದೆ.

2. ರಚನೆಯಾಗುವ ವಿಧಾನ

ಎಲ್ಲಾ ಬಗೆಯ ಲಾವಾದಲ್ಲಿಯೂ ಕೊಳವೆಗಳು ಉಂಟಾಗುವುದಿಲ್ಲ. ಸಿಲಿಕಾ ಅಂಶ ಕಡಿಮೆ ಇರುವ ಬಸಾಲ್ಟ್ ಲಾವಾವು ತೆಳುವಾಗಿದ್ದು, ಸುಮಾರು 1,100 ರಿಂದ 1,200 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಸುಲಭವಾಗಿ ಹರಿಯುತ್ತದೆ. ಇಂತಹ ಲಾವಾದಲ್ಲಿಯೇ ಕೊಳವೆಗಳು ಹೆಚ್ಚಾಗಿ ರಚನೆಯಾಗುತ್ತವೆ. ಇದು ಮುಖ್ಯವಾಗಿ ಎರಡು ವಿಧಗಳಲ್ಲಿ ನಡೆಯುತ್ತದೆ.

ಮೊದಲನೆಯದಾಗಿ, ಲಾವಾವು ಕಾಲುವೆಯಂತೆ ಹರಿಯುವಾಗ ಅದರ ಮೇಲ್ಮೈ ಗಾಳಿಗೆ ತಣಿದು, ಹಾಲಿನ ಮೇಲೆ ಕೆನೆ ಕಟ್ಟುವಂತೆ ಪದರ ಕಟ್ಟುತ್ತದೆ. ಎರಡೂ ದಡಗಳಿಂದ ಬೆಳೆದ ಪದರಗಳು ನಡುವೆ ಕೂಡಿಕೊಂಡು ಛಾವಣಿಯಾಗುತ್ತದೆ. ಎರಡನೆಯದಾಗಿ, ಸಮತಟ್ಟಾದ ನೆಲದ ಮೇಲೆ ಲಾವಾವು ನಾಲಗೆಯಂತೆ ಚಾಚಿಕೊಂಡು ಮೇಲೆ ಗಟ್ಟಿಯಾದಾಗ, ಒಳಕ್ಕೆ ಬರುತ್ತಲೇ ಇರುವ ಹೊಸ ಲಾವಾವು ಆ ಪದರವನ್ನು ಮೇಲಕ್ಕೆತ್ತುತ್ತದೆ. ಕ್ರಮೇಣ ಒಳಗಿನ ಹರಿವು ಒಂದೇ ಮಾರ್ಗದಲ್ಲಿ ಕೇಂದ್ರೀಕೃತವಾಗುತ್ತದೆ.

ಉದ್ಗಾರವು ನಿಂತು, ಒಳಗಿನ ಲಾವಾವು ಇಳಿಜಾರಿನತ್ತ ಬರಿದಾದಾಗ ಮಾತ್ರ ಗುಹೆ ಉಳಿಯುತ್ತದೆ. ಬರಿದಾಗದಿದ್ದಲ್ಲಿ ಕೊಳವೆಯು ಒಳಗೇ ಹೆಪ್ಪುಗಟ್ಟಿ ಮುಚ್ಚಿಹೋಗುತ್ತದೆ. ಲಾವಾದ ಮಟ್ಟವು ಇಳಿಯುತ್ತಾ ಹೋದ ಗುರುತುಗಳು ಗೋಡೆಗಳ ಮೇಲೆ ಅಡ್ಡಗೆರೆಗಳಾಗಿ ಹಾಗೂ ಜಗಲಿಗಳಾಗಿ ಕಾಣಸಿಗುತ್ತವೆ. ಛಾವಣಿಯು ಕುಸಿದಲ್ಲಿ ಉಂಟಾಗುವ ಬೆಳಕಿಂಡಿಯೇ ಅನೇಕ ಗುಹೆಗಳಿಗೆ ಪ್ರವೇಶದ್ವಾರವಾಗಿರುತ್ತದೆ.

3. ಲಾವಾ ಪ್ರವಾಹದಲ್ಲಿ ಕೊಳವೆಗಳ ಪಾತ್ರ

ಗಟ್ಟಿಯಾದ ಛಾವಣಿಯು ಒಳಗಿನ ಶಾಖವು ಹೊರಹೋಗದಂತೆ ತಡೆಯುತ್ತದೆ. ಹವಾಯಿಯ ಕಿಲಾವೆಯ ಜ್ವಾಲಾಮುಖಿಯಲ್ಲಿ ಕೊಳವೆಯೊಳಗಿನ ಲಾವಾವು ಒಂದು ಕಿ.ಮೀ. ದೂರಕ್ಕೆ ಸುಮಾರು 1 ಡಿಗ್ರಿಯಷ್ಟು ಮಾತ್ರ ತಣಿಯುವುದು ಕಂಡುಬಂದಿದೆ. ತೆರೆದ ಕಾಲುವೆಯಲ್ಲಿ ಬೇಗನೆ ತಣಿದು ನಿಲ್ಲಬಹುದಾದ ಲಾವಾವು ಕೊಳವೆಯ ಮೂಲಕ ಬಹುದೂರದ ಜನವಸತಿಗಳನ್ನು ತಲುಪಲು ಇದೇ ಕಾರಣ. 1983 ರಿಂದ 2018 ರವರೆಗೆ ಮುಂದುವರಿದ ಕಿಲಾವೆಯದ ಉದ್ಗಾರದಲ್ಲಿ ಕೊಳವೆಗಳ ಮೂಲಕ ಬಂದ ಲಾವಾವು 1990 ರಲ್ಲಿ ಕಲಪಾನ ಗ್ರಾಮವನ್ನು ಮುಚ್ಚಿಹಾಕಿತು.

ಕೊಳವೆಯ ಕಾರ್ಯವಿಧಾನವನ್ನು ಅರಿತಿದ್ದರಿಂದ ಊರೊಂದನ್ನು ಉಳಿಸಿಕೊಂಡ ಉದಾಹರಣೆಯೂ ಇದೆ. ಇಟಲಿಯ ಎಟ್ನಾ ಜ್ವಾಲಾಮುಖಿಯ ಉದ್ಗಾರವು 1991 ರ ಡಿಸೆಂಬರ್‌ನಲ್ಲಿ ಆರಂಭವಾಗಿ, ಲಾವಾವು ಝಫೆರಾನಾ ಪಟ್ಟಣದ ಸಮೀಪಕ್ಕೆ ಬಂದಿತು. ತಗ್ಗಿನಲ್ಲಿ ನಿರ್ಮಿಸಿದ ಮಣ್ಣಿನ ಒಡ್ಡುಗಳು ಅದನ್ನು ಕೆಲಕಾಲ ಮಾತ್ರ ತಡೆದವು. ಆದುದರಿಂದ ತಜ್ಞರು ಬೆಟ್ಟದ ಮೇಲ್ಭಾಗದಲ್ಲಿ, ಲಾವಾವು ಕೊಳವೆಯನ್ನು ಪ್ರವೇಶಿಸುವ ಸ್ಥಳದ ಬಳಿಯಲ್ಲಿಯೇ ಕೃತಕ ಕಾಲುವೆಯನ್ನು ತೋಡಿಸಿ, 1992 ರ ಮೇ 27 ರಂದು ನಡುವಿನ ಗೋಡೆಯನ್ನು ಸುಮಾರು 7 ಟನ್ ಸ್ಫೋಟಕಗಳಿಂದ ಒಡೆದರು. ಲಾವಾದ ಬಹುಭಾಗವು ಹೊಸ ಕಾಲುವೆಗೆ ತಿರುಗಿತು. ನಂತರ ಕೊಳವೆಯೊಳಕ್ಕೆ ಬಂಡೆಗಳನ್ನು ತಳ್ಳಿ ಉಳಿದ ಹರಿವನ್ನೂ ತಡೆಯಲಾಯಿತು. ಪಟ್ಟಣವು ಉಳಿಯಿತು.

4. ಪ್ರಪಂಚದ ಪ್ರಮುಖ ಲಾವಾ ಕೊಳವೆ ಗುಹೆಗಳು

• ಕಝುಮುರಾ, ಹವಾಯಿ: ಅಳತೆ ಮಾಡಲಾಗಿರುವ ಲಾವಾ ಕೊಳವೆಗಳಲ್ಲಿ ಅತಿ ಉದ್ದವಾದುದು. ಉದ್ದ ಸುಮಾರು 65 ಕಿ.ಮೀ.; ಮೇಲ್ತುದಿಗೂ ಕೆಳತುದಿಗೂ ಇರುವ ಎತ್ತರದ ಅಂತರ ಸುಮಾರು 1,100 ಮೀಟರ್.
• ಮಂಜಾಂಗುಲ್, ದಕ್ಷಿಣ ಕೊರಿಯಾದ ಜೆಜು ದ್ವೀಪ: ಉದ್ದ ಸುಮಾರು 7.4 ಕಿ.ಮೀ. ಒಳಗೆ 7 ಮೀಟರಿಗೂ ಎತ್ತರದ ಲಾವಾ ಸ್ತಂಭವಿದೆ. ಜೆಜುವಿನ ಜ್ವಾಲಾಮುಖಿ ಮತ್ತು ಲಾವಾ ಕೊಳವೆಗಳು 2007 ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರ್ಪಡೆಯಾದವು.
• ಉಂಡಾರಾ, ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್: ಸುಮಾರು 1,90,000 ವರ್ಷಗಳ ಹಿಂದಿನ ಉದ್ಗಾರದಿಂದ ಆದುದು.
• ಲಾಂಜಾರೋಟೆ, ಸ್ಪೇನಿನ ಕೆನರಿ ದ್ವೀಪಗಳು: ಕೊರೋನಾ ಜ್ವಾಲಾಮುಖಿಯಿಂದ ಸಮುದ್ರದತ್ತ ಸಾಗುವ ಕೊಳವೆಯ ಕೊನೆಯ ಭಾಗವು ಸಮುದ್ರದ ನೀರಿನಲ್ಲಿ ಮುಳುಗಿದೆ.
• ಇವಲ್ಲದೆ ಐಸ್‌ಲ್ಯಾಂಡ್‌ನ ಸುರ್ತ್‌ಶೆಲ್ಲಿರ್, ಕೆನ್ಯಾದ ಚ್ಯೂಲು ಬೆಟ್ಟಗಳು ಹಾಗೂ ಅಮೆರಿಕದ ಕ್ಯಾಲಿಫೋರ್ನಿಯಾದ ಲಾವಾ ಬೆಡ್ಸ್ ಪ್ರದೇಶಗಳಲ್ಲಿಯೂ ಇಂತಹ ಗುಹೆಗಳಿವೆ.

5. ದಖ್ಖನ್ ಪ್ರಸ್ಥಭೂಮಿ ಮತ್ತು ಕರ್ನಾಟಕ

ರಾಜ್ಯದ ಬೀದರ್, ಕಲಬುರಗಿ, ವಿಜಯಪುರ ಮತ್ತು ಬೆಳಗಾವಿ ಜಿಲ್ಲೆಗಳ ಹಲವು ಭಾಗಗಳು ಬಸಾಲ್ಟ್ ಶಿಲೆಯಿಂದ ಕೂಡಿವೆ. ಇದು ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದ ಲಾವಾ ಪದರಗಳ ಅಂಚು. ಹೀಗಿರುವಾಗ ಇಲ್ಲಿಯೂ ಹವಾಯಿಯಲ್ಲಿರುವಂತಹ ಗುಹೆಗಳು ಏಕೆ ಸಾಮಾನ್ಯವಲ್ಲ ಎಂಬ ಪ್ರಶ್ನೆ ಸಹಜ. ಇದಕ್ಕೆ ಉತ್ತರವು ವಯಸ್ಸಿನಲ್ಲಿದೆ. ಕಝುಮುರಾ ಗುಹೆಯ ಲಾವಾ ಹರಿದು ಕೆಲವು ನೂರು ವರ್ಷಗಳಷ್ಟೇ ಆಗಿವೆ. ಕೋಟ್ಯಂತರ ವರ್ಷಗಳ ಅವಧಿಯಲ್ಲಾದರೋ ಛಾವಣಿಗಳು ಕುಸಿಯುತ್ತವೆ, ನಂತರದ ಲಾವಾ ಮತ್ತು ಖನಿಜಗಳು ಟೊಳ್ಳುಗಳನ್ನು ತುಂಬುತ್ತವೆ, ಮಳೆ ಗಾಳಿಗಳು ಮೇಲಿನ ಶಿಲೆಯನ್ನು ಸವೆಸುತ್ತವೆ. ಆದುದರಿಂದ ಬಸಾಲ್ಟ್ ಪ್ರದೇಶದಲ್ಲಿ ಗವಿಯೊಂದು ಕಂಡಮಾತ್ರಕ್ಕೆ ಅದನ್ನು ಲಾವಾ ಕೊಳವೆ ಎಂದು ಭಾವಿಸತಕ್ಕದ್ದಲ್ಲ.

6. ಚಂದ್ರನಲ್ಲಿ ಲಾವಾ ಕೊಳವೆಗಳು

ಚಂದ್ರನ ಮೇಲೂ ಪ್ರಾಚೀನ ಕಾಲದಲ್ಲಿ ಬಸಾಲ್ಟ್ ಲಾವಾ ಹರಿದಿದೆ. ಜಪಾನಿನ ಕಗುಯಾ ನೌಕೆಯ ಚಿತ್ರಗಳಿಂದ 2009 ರಲ್ಲಿ ಮಾರಿಯಸ್ ಬೆಟ್ಟಗಳ ಪ್ರದೇಶದಲ್ಲಿ ಆಳವಾದ ಕುಳಿಯೊಂದು ವರದಿಯಾಯಿತು. ಭಾರತದ ಚಂದ್ರಯಾನ-1 ನೌಕೆಯ ಚಿತ್ರಗಳ ಆಧಾರದ ಮೇಲೆ ಭಾರತೀಯ ವಿಜ್ಞಾನಿಗಳು 2011 ರಲ್ಲಿ ಕುಸಿಯದೆ ಉಳಿದಿರಬಹುದಾದ ಕೊಳವೆಯೊಂದನ್ನು ಗುರುತಿಸಿದರು. ವಿಕಿರಣ ಹಾಗೂ ಉಷ್ಣತೆಯ ಏರಿಳಿತಗಳಿಂದ ರಕ್ಷಣೆ ನೀಡಬಲ್ಲ ಇಂತಹ ಸ್ಥಳಗಳು ಮುಂದೆ ಮಾನವ ವಸತಿಗೆ ಉಪಯುಕ್ತವಾಗಬಹುದೆಂದು ಪರಿಗಣಿಸಲಾಗಿದೆ.

7. ಭೇಟಿ ನೀಡುವವರು ಗಮನಿಸಬೇಕಾದ ಅಂಶಗಳು

• ಪ್ರವೇಶಕ್ಕೆ ಮುನ್ನ ಸ್ಥಳೀಯ ನಿಯಮಗಳನ್ನು ತಿಳಿದುಕೊಳ್ಳುವುದು ಅವಶ್ಯಕ. ಹವಾಯಿಯಲ್ಲಿ 2002 ರ ಗುಹೆ ಸಂರಕ್ಷಣಾ ಕಾನೂನಿನನ್ವಯ ಭೂಮಾಲೀಕರ ಪೂರ್ವಾನುಮತಿ ಪಡೆಯಬೇಕಾಗುತ್ತದೆ. ಕೆಲವು ಗುಹೆಗಳು ಸ್ಥಳೀಯ ಜನರ ಪೂರ್ವಜರ ಸಮಾಧಿಗಳಾಗಿರುವುದರಿಂದ ಗೌರವದಿಂದ ವರ್ತಿಸತಕ್ಕದ್ದು.
• ಛಾವಣಿಯು ತೆಳುವಾಗಿರುವ ಸಂಭವವಿರುವುದರಿಂದ ಬೆಳಕಿಂಡಿಯ ಅಂಚಿನಲ್ಲಿ ನಿಲ್ಲಬಾರದು.
• ಒಬ್ಬರೇ ಒಳಹೋಗಬಾರದು. ತಲೆಗವಸು ಹಾಗೂ ಒಂದಕ್ಕಿಂತ ಹೆಚ್ಚು ದೀಪಗಳನ್ನು ಹೊಂದಿರಬೇಕು.
• ಗುಹೆಯೊಳಕ್ಕೆ ಕಸ ಅಥವಾ ಕೊಳಚೆ ನೀರನ್ನು ಬಿಡಬಾರದು. ಅದು ಬಿರುಕುಗಳ ಮೂಲಕ ಅಂತರ್ಜಲವನ್ನು ಸೇರುತ್ತದೆ.
• ಲಾವಾ ತೊಟ್ಟಿಕ್ಕಿ ಆದ ರಚನೆಗಳನ್ನು ಮುಟ್ಟಬಾರದು, ಮುರಿಯಬಾರದು. ಸುಣ್ಣಶಿಲೆಯ ಗುಹೆಯಲ್ಲಿ ನೀರು ತೊಟ್ಟಿಕ್ಕುವವರೆಗೂ ರಚನೆಗಳು ಬೆಳೆಯಬಲ್ಲವು. ಲಾವಾ ಗುಹೆಯಲ್ಲಾದರೋ ಅವುಗಳನ್ನು ರೂಪಿಸಿದ ಲಾವಾವು ಎಂದೋ ಹರಿದುಹೋಗಿದೆ. ಮುರಿದದ್ದು ಮತ್ತೆ ಬೆಳೆಯುವುದಿಲ್ಲ.