ಮೂರು ಡಬ್ಬಗಳು, ಒಂದು ಬಣ್ಣ

ನಮ್ಮ ಮಂಜೇಶ್ವರ, ಕಾಸರಗೋಡು ಕಡೆ ಹೋಟೆಲಿನಲ್ಲಿ ಊಟಕ್ಕೆ ಕುಳಿತರೆ ಮೊದಲು ಬರುವುದು ತಿಳಿಗುಲಾಬಿ ಬಣ್ಣದ ಬಿಸಿನೀರು. ಮಲಯಾಳದಲ್ಲಿ ಪದಿಮುಗಂ, ಕನ್ನಡದಲ್ಲಿ ಸಪ್ಪಂಗ ಅಥವಾ ಪತಂಗ ಎನ್ನುವ ಮರದ ಚಕ್ಕೆ ಹಾಕಿ ಕುದಿಸಿದ ನೀರು ಅದು. ಉಪ್ಪನ ಜೀನಸಿ ಅಂಗಡಿಯಲ್ಲಿ ಆ ಚಕ್ಕೆಯ ಡಬ್ಬದ ಪಕ್ಕದಲ್ಲೇ ಇನ್ನೆರಡು ಡಬ್ಬಗಳಿದ್ದವು. ಒಂದರಲ್ಲಿ ಅಳಲೆಕಾಯಿ, ಇನ್ನೊಂದರಲ್ಲಿ ಪಟಿಕ. ಕೆಮ್ಮಿಗೆ ಅಳಲೆ, ಕ್ಷೌರಕ್ಕೂ ಕಲಕಿದ ಬಾವಿನೀರಿಗೂ ಪಟಿಕ, ಕುಡಿಯುವ ನೀರಿಗೆ ಚಕ್ಕೆ. ಶಾಲೆ ಬಿಟ್ಟು ಬಂದು ಪೊಟ್ಟಣ ಕಟ್ಟುತ್ತಿದ್ದ ನನಗೆ ಈ ಮೂರಕ್ಕೂ ಪರಸ್ಪರ ಸಂಬಂಧ ಇದೆ ಎಂದು ಒಮ್ಮೆಯೂ ಅನ್ನಿಸಿರಲಿಲ್ಲ. ಮೂರೂ ಸೇರಿದರೆ ಹತ್ತಿಯ ನೂಲಿಗೆ ಕೆಂಪು ಬಣ್ಣ ಹತ್ತುತ್ತದೆ ಎಂದು ತಿಳಿದದ್ದು ತೀರಾ ಇತ್ತೀಚೆಗೆ.

ನಮ್ಮ ಕರಾವಳಿಯ ವ್ಯಾಪಾರದ ಚರಿತ್ರೆ ಎಂದರೆ ನಾವು ಕರಿಮೆಣಸಿನ ಕಥೆ ಹೇಳುತ್ತೇವೆ. ಬಣ್ಣದ ಮರವೂ ಅದೇ ಹಡಗುಗಳಲ್ಲಿ ಹೋಗುತ್ತಿತ್ತು. ಅರಬ್ಬಿಯಲ್ಲಿ ಅದಕ್ಕೆ ಬಕ್ಕಂ ಎಂದು ಹೆಸರು. 14ನೇ ಶತಮಾನದಲ್ಲಿ ಬಂದ ಇಬ್ನ್ ಬತೂತ ಮಂಗಳೂರಿನಲ್ಲಿ ಸುಮಾರು 4,000 ಮುಸ್ಲಿಮರನ್ನು ಕಂಡದ್ದಾಗಿ ಬರೆದದ್ದನ್ನು ನಾವು ಬ್ಯಾರಿಗಳು ಆಗಾಗ ನೆನಪಿಸಿಕೊಳ್ಳುತ್ತೇವೆ. ಅದೇ ಪ್ರವಾಸಿ, ಕಲ್ಲಿಕೋಟೆಯಿಂದ ಕೊಲ್ಲಂಗೆ ಹೋಗುವ ನದಿಯ ದಾರಿಯಲ್ಲಿ ದಾಲ್ಚಿನ್ನಿ ಮತ್ತು ಬಕ್ಕಂ ಮರಗಳನ್ನು ಜನ ಸೌದೆಯಾಗಿ ಉರಿಸುತ್ತಿದ್ದರು ಎಂದೂ ಬರೆದಿದ್ದಾನೆ. ಅದನ್ನು ನಾವು ಯಾರೂ ನೆನಪಿಸಿಕೊಳ್ಳುವುದಿಲ್ಲ.

ಯುರೋಪಿನವರು ಏಷ್ಯಾದಿಂದ ಬರುತ್ತಿದ್ದ ಈ ಕೆಂಪು ಮರವನ್ನು ಬ್ರೆಸಿಲ್ ಎಂದು ಕರೆಯುತ್ತಿದ್ದರು. 1500ರಲ್ಲಿ ಪೋರ್ಚುಗೀಸ್ ನಾವಿಕ ಕಬ್ರಾಲ್ ದಕ್ಷಿಣ ಅಮೆರಿಕದ ತೀರಕ್ಕೆ ಮುಟ್ಟಿದ. ಅಲ್ಲಿಯೂ ಇಂಥದೇ ಬಣ್ಣ ಕೊಡುವ ಮರ ಸಿಕ್ಕಿತು, ಕ್ರಮೇಣ ಆ ನಾಡಿಗೇ ಬ್ರೆಜಿಲ್ ಎಂಬ ಹೆಸರು ನಿಂತಿತು. ಕಬ್ರಾಲ್ ಅಲ್ಲಿಂದ ಹೊರಟು ಅದೇ ವರ್ಷ ಬಂದಿಳಿದದ್ದು ಕಲ್ಲಿಕೋಟೆಯಲ್ಲಿ. ಫುಟ್ಬಾಲ್ ವಿಶ್ವಕಪ್ ಬಂದಾಗ ನಮ್ಮೂರಿನಲ್ಲಿ ಬ್ರೆಜಿಲಿನ ಬಾವುಟ ಕಟ್ಟುವ ಹುಡುಗರು ಹೋಟೆಲಿನಲ್ಲಿ ಕುಡಿಯುವ ನೀರಿಗೂ ಆ ಹೆಸರಿಗೂ ಇರುವ ನಂಟು ಇದು.

ಕಳೆದ ವರ್ಷ 100 ಗ್ರಾಂ ಬಿಳಿ ಹತ್ತಿ ನೂಲು ತಂದು ನಾನೇ ಪರೀಕ್ಷೆ ಮಾಡಿದೆ. ಮೊದಲ ಲಡಿಯನ್ನು ಬರೀ ಚಕ್ಕೆಯ ಕಷಾಯದಲ್ಲಿ ಕುದಿಸಿದೆ. ಬಣ್ಣ ಚೆನ್ನಾಗಿ ಬಂತು, ಎರಡು ಸಲ ತೊಳೆದಾಗ ಹೆಚ್ಚಿನದೆಲ್ಲ ನೀರಿಗೆ ಹೋಯಿತು. ಎರಡನೆಯದನ್ನು ಮೊದಲು ಅಳಲೆಪುಡಿಯ ನೀರಿನಲ್ಲಿ ನೆನೆಸಿ, ಒಣಗಿಸಿ, ಆಮೇಲೆ ಪಟಿಕದ ನೀರಿನಲ್ಲಿಟ್ಟು, ಕೊನೆಗೆ ಬಣ್ಣಕ್ಕೆ ಹಾಕಿದೆ. ಕೆಂಪು ನಿಂತಿತು. ಹತ್ತಿ ಪಟಿಕವನ್ನು ಸುಲಭವಾಗಿ ಹಿಡಿದುಕೊಳ್ಳುವುದಿಲ್ಲ. ಅಳಲೆಯ ಒಗರು ನೂಲಿಗೆ ಅಂಟುತ್ತದೆ, ಒಗರು ಪಟಿಕವನ್ನು ಹಿಡಿಯುತ್ತದೆ, ಪಟಿಕ ಬಣ್ಣವನ್ನು ಹಿಡಿಯುತ್ತದೆ. ಡಿಪ್ಲೊಮಾ ಓದಿದವನ ಭಾಷೆಯಲ್ಲಿ ಹೇಳುವುದಾದರೆ, ಬೋಲ್ಟ್ ಇಲ್ಲದೆ ಎರಡು ತಗಡು ನಿಲ್ಲುವುದಿಲ್ಲ. ಮೂರನೆಯ ಲಡಿಯನ್ನು ಕಬ್ಬಿಣದ ಬಾಣಲೆಯಲ್ಲಿ ಕುದಿಸಿ ಕೆಡಿಸಿದೆ. ಕೆಂಪು ಹೋಗಿ ಮಂಕು ನೇರಳೆಯಾಯಿತು. ಕಬ್ಬಿಣವೂ ಒಂದು ಬೋಲ್ಟೇ, ಆದರೆ ಕೊಡುವ ಬಣ್ಣ ಬೇರೆ. ಉಮ್ಮ ಬಾಣಲೆ ನೋಡಿ ಹೇಳಿದ ಮಾತು ಇಲ್ಲಿ ಬೇಡ.

ಹತ್ತಿಗೆ ಬಣ್ಣ ನಿಲ್ಲಿಸುವ ಈ ಜ್ಞಾನ ನಿನ್ನೆಯದಲ್ಲ. ಮೊಹೆಂಜೊದಾರೋದಲ್ಲಿ ಸಿಕ್ಕ ಹತ್ತಿಬಟ್ಟೆಯ ಚೂರಿನಲ್ಲಿ ಮಂಜಿಷ್ಠದ ಬಗೆಯ ಕೆಂಪು ಇದೆ. ಮಂಜಿಷ್ಠಕ್ಕೂ ಇಂಥ ಬೋಲ್ಟ್ ಬೇಕು.

ಹಾಗಾದರೆ ಬಿಟ್ಟದ್ದೇಕೆ? ನೇಕಾರರು ದಡ್ಡರಾಗಿರಲಿಲ್ಲ. ಸಪ್ಪಂಗದ ಕೆಂಪು ಬಿಸಿಲಿಗೆ ತಡೆಯುವುದಿಲ್ಲ. ನನ್ನ ಒಳ್ಳೆಯ ಲಡಿಯೂ ತಾರಸಿಯ ಮೇಲೆ ಕೆಲವೇ ವಾರದಲ್ಲಿ ಮಾಸಿತು. 1856ರಲ್ಲಿ 18 ವರ್ಷದ ಪರ್ಕಿನ್ ಲಂಡನ್ನಿನಲ್ಲಿ ಮೊದಲ ಕೃತಕ ನೇರಳೆ ಬಣ್ಣ ಮಾಡಿದ. 1868ರಲ್ಲಿ ಮಂಜಿಷ್ಠ ಜಾತಿಯ ಬೇರಿನ ಕೆಂಪೂ ಕೃತಕವಾಗಿ ತಯಾರಾಯಿತು, 1897ರ ಹೊತ್ತಿಗೆ ನೀಲಿ ಕೂಡ ಕಾರ್ಖಾನೆಯಿಂದ ಬರತೊಡಗಿತು. ಇವತ್ತು ಕಾಸರಗೋಡು ಸೀರೆಯ ನೂಲಿಗೆ ಹಾಕುವುದೂ ವ್ಯಾಟ್ ಬಣ್ಣವೇ. ಸೀರೆ ಬಾಳಿಕೆ ಬರಬೇಕೆಂದು ಹಣ ಕೊಡುವ ಗಿರಾಕಿಗೆ ಅದು ನ್ಯಾಯವೇ.

ನನ್ನ ಬೇಸರ ಬಣ್ಣ ಹೋದದ್ದಕ್ಕಲ್ಲ, ತಿಳಿವಳಿಕೆ ಹೋದದ್ದಕ್ಕೆ. ಬ್ಯಾರಿ ಎಂಬ ಹೆಸರನ್ನೇ ವ್ಯಾಪಾರಕ್ಕೆ ಜೋಡಿಸಿ ಹೇಳುವವರಿದ್ದಾರೆ. ಸರಕು ನಮ್ಮ ಕೈಯಲ್ಲಿ ಉಳಿಯಿತು, ಅದು ಯಾಕೆ ಬೇಕು ಎಂಬುದು ಮರೆಯಿತು. ಕೆಂಪು ಲಡಿಯನ್ನು ಉಪ್ಪನ ಕೈಯಲ್ಲಿಟ್ಟಾಗ ಅವರು ಬಹಳ ಹೊತ್ತು ತಿರುಗಿಸಿ ನೋಡಿದರು. "ನೈಲಾನ್ ಬರುವ ಮೊದಲು ಮೀನಿನ ಬಲೆಯನ್ನೂ ಮರದ ತೊಗಟೆಯ ಕಷಾಯದಲ್ಲಿ ಅದ್ದುತ್ತಿದ್ದರು ಮಾರಾಯ, ಅದೂ ಇದೇ ಲೆಕ್ಕವಾ?" ಎಂದು ಕೇಳಿದರು. ಇಷ್ಟು ವರ್ಷ ಅವರು ಅದನ್ನು ಹೇಳಿರಲಿಲ್ಲ. ಯಾಕೆಂದರೆ ನಾನು ಕೇಳಿರಲಿಲ್ಲ.

ನಿಮ್ಮ ಮನೆಯಲ್ಲೂ ಹಿರಿಯರು ಇದ್ದರೆ ಇವತ್ತೇ ಕೇಳಿ. ಬ್ಯಾರಿಯಲ್ಲಾಗಲಿ ಕನ್ನಡದಲ್ಲಾಗಲಿ, ಅವರು ಹೇಳಿದ ಹಾಗೆಯೇ ಬರೆದಿಡಿ.