ಟ್ರೇಲರ್ ಮೂಲಕ ದೋಣಿ ಸಾಗಣೆ

ಭಾರವಾದ ಮೋಟಾರು ದೋಣಿಯನ್ನು ಗಾಲಿಗಳುಳ್ಳ ಟ್ರೇಲರಿನ ಮೇಲಿರಿಸಿ, ಪಿಕಪ್ ಟ್ರಕ್ಕಿಗೆ ಜೋಡಿಸಿ ರಸ್ತೆಯಲ್ಲಿ ಎಳೆದೊಯ್ಯುವ ಕ್ರಮವು ಅಮೆರಿಕ, ಕೆನಡಾ ಹಾಗೂ ಆಸ್ಟ್ರೇಲಿಯಾಗಳಲ್ಲಿ ಸಾಮಾನ್ಯವಾಗಿದೆ.

ತೂಕ

ಟ್ರಕ್ಕಿನ ಎಳೆಯುವ ಸಾಮರ್ಥ್ಯವನ್ನು ತಯಾರಕರು ನಿಗದಿಪಡಿಸಿರುತ್ತಾರೆ. ದೋಣಿಯೊಂದಿಗೆ ಟ್ರೇಲರ್, ಎಂಜಿನ್, ಇಂಧನ ಮತ್ತು ಸಾಮಗ್ರಿಗಳ ತೂಕವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. 200 ಲೀಟರ್ ಪೆಟ್ರೋಲ್ ಒಂದೇ ಸುಮಾರು 150 ಕಿಲೋಗ್ರಾಂ ತೂಗುತ್ತದೆ. ಟ್ರೇಲರಿನ ಒಟ್ಟು ಭಾರದಲ್ಲಿ ಶೇಕಡ 10ರಿಂದ 15ರಷ್ಟು ಕೊಂಡಿಯ ಮೇಲೆ ಬೀಳಬೇಕೆಂಬುದು ಅಮೆರಿಕದ ಸಾಮಾನ್ಯ ರೂಢಿ. ದೋಣಿ ಟ್ರೇಲರುಗಳಿಗೆ ಕೆಲವು ತಯಾರಕರು ಇದಕ್ಕಿಂತ ಕಡಿಮೆ ಸೂಚಿಸುತ್ತಾರೆ. ಭಾರವು ಅಚ್ಚಿನ ಹಿಂದಕ್ಕೆ ಸರಿದರೆ ಟ್ರೇಲರ್ ಅತ್ತಿತ್ತ ಓಲಾಡುತ್ತದೆ. ಕೊಂಡಿಯ ಮೇಲೆ ಅತಿಯಾದರೆ ಟ್ರಕ್ಕಿನ ಹಿಂಭಾಗ ತಗ್ಗಿ, ಮುಂದಿನ ಗಾಲಿಗಳ ಹಿಡಿತ ಕುಂದುತ್ತದೆ.

ಜೋಡಣೆ

ಸುರಕ್ಷಾ ಸರಪಳಿಗಳೆರಡನ್ನು ಕೊಂಡಿಯ ಕೆಳಗೆ ಒಂದರ ಮೇಲೊಂದು ಅಡ್ಡಹಾಯುವಂತೆ ಬಿಗಿಯಲಾಗುತ್ತದೆ. ಕೊಂಡಿ ಕಳಚಿದರೂ ಟ್ರೇಲರಿನ ಮೂತಿ ನೆಲಕ್ಕೆ ಬೀಳದೆ ಸರಪಳಿಗಳ ಮೇಲೆ ನಿಲ್ಲುವುದೇ ಇದರ ಉದ್ದೇಶ. ಅನೇಕ ದೋಣಿ ಟ್ರೇಲರುಗಳಲ್ಲಿ ಸರ್ಜ್ ಬ್ರೇಕ್ ಇರುತ್ತದೆ. ಟ್ರಕ್ಕಿನ ವೇಗ ಇಳಿದಾಗ ಟ್ರೇಲರ್ ಮುಂದಕ್ಕೆ ಒತ್ತುವ ಬಲದಿಂದಲೇ ಅದು ಕೆಲಸ ಮಾಡುತ್ತದೆ.

ಚಾಲನೆ

ನಿಲ್ಲಲು ಹೆಚ್ಚು ದೂರ ಬೇಕಾಗುವುದರಿಂದ ಮುಂದಿನ ವಾಹನದಿಂದ ಅಂತರ ಕಾಯ್ದುಕೊಳ್ಳಬೇಕು. ಇಳಿಜಾರಿನಲ್ಲಿ ಕೆಳಗಿನ ಗೇರ್ ಬಳಸಿದರೆ ಬ್ರೇಕ್ ಅತಿಯಾಗಿ ಕಾಯುವುದಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಟ್ರೇಲರ್ ಎಳೆಯುವ ವಾಹನಗಳ ವೇಗಮಿತಿ ಗಂಟೆಗೆ 55 ಮೈಲಿ (ಸುಮಾರು 88 ಕಿ.ಮೀ.). ಓಲಾಟ ಆರಂಭವಾದರೆ ಸ್ಟೀರಿಂಗನ್ನು ನೇರವಾಗಿ ಹಿಡಿದು, ಆಕ್ಸಿಲರೇಟರಿನಿಂದ ಕಾಲನ್ನು ಮೆಲ್ಲನೆ ತೆಗೆಯಬೇಕು. ಥಟ್ಟನೆ ಬ್ರೇಕ್ ಒತ್ತುವುದು, ಸ್ಟೀರಿಂಗ್ ತಿರುಗಿಸುವುದು ಅಥವಾ ವೇಗ ಹೆಚ್ಚಿಸುವುದು ವಾಹನ ಮಗುಚಲು ಕಾರಣವಾಗಬಹುದು.

ನೀರಿಗಿಳಿಸುವಿಕೆ

ದೂರ ಪ್ರಯಾಣದ ಬಳಿಕ ಗಾಲಿಗಳ ಗುಂಬ ಬಿಸಿಯಾಗಿರುತ್ತದೆ. ಕೂಡಲೇ ನೀರಿಗಿಳಿಸಿದರೆ ಅದು ತಣಿಯುವಾಗ ನೀರನ್ನು ಒಳಗೆಳೆದುಕೊಂಡು ಬೇರಿಂಗ್ ಕೆಡುತ್ತದೆ. ಆದುದರಿಂದ ಸ್ವಲ್ಪ ಹೊತ್ತು ಆರಲು ಬಿಟ್ಟು, ದೀಪಗಳ ತಂತಿಯನ್ನು ಕಳಚಿ ಇಳಿಸುವುದು ವಾಡಿಕೆ.